ಮೂರರಲ್ಲಿ ಒಂದು ಪಾಲು

ಭಾವನ ಹಣೆಯಲ್ಲಿ ಒಂದೇ ಒಂದು ಮೂಗಿಗಾಗುವಷ್ಟು ಚರ್ಮ ಉಳಿದಿತ್ತು. ಬಲಗಡೆಯ ಹಣೆ ಸುಟ್ಟು, ಒಣಗಿದ ಗೋಂದಿನ ಹಾಗೆ ಹೊಳೆಯುತ್ತಿತ್ತು. ಎಡಗಡೆ ಹುಬ್ಬಿನಿಂದ ಕೂದಲಿನ ಗೆರೆಯವರೆಗೆ ಮೂರು ಬೆರಳಗಲದ ಒಳ್ಳೆಯ ಚರ್ಮವಿತ್ತು. ದೊಡ್ಡ ಡಾಕ್ಟರು ಅದನ್ನು ಹೆಬ್ಬೆರಳಿನಿಂದ ಸವರಿ, ಚಿವುಟಿ, ಎತ್ತಿ ನೋಡಿದರು.

"ಇದಿಷ್ಟೇ ಕಣಯ್ಯ ನಿನ್ನ ಆಸ್ತಿ. ಒಂದು ಸಲಕ್ಕೆ ಮಾತ್ರ ಆಗುತ್ತೆ."

"ಸಾಕು ಸಾರ್," ಎಂದರು ಭಾವ. "ನಾನೇನು ಎರಡು ಮೂಗು ಕೇಳ್ತಿದೀನಾ?"

ಡಾಕ್ಟರು ನಕ್ಕರು. ನಾನೂ ನಕ್ಕೆ. ಬಾಗಿಲ ಹತ್ತಿರ ನಿಂತಿದ್ದ ಅಕ್ಕ ನಗಲಿಲ್ಲ. ಅವಳು ಗಂಡನ ಜೊತೆ ಮಾತಾಡುವಾಗ ಅವರ ಅಂಗಿಯ ಎರಡನೇ ಗುಂಡಿಯನ್ನೇ ನೋಡುತ್ತಿದ್ದಳು. ಮುಖ ನೋಡಲು ಆಗುತ್ತಿರಲಿಲ್ಲ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ, ದರ್ಜಿಯ ಮಗಳು. ಯುದ್ಧ ಶುರುವಾದಾಗ ಆಸ್ಪತ್ರೆಯ ನಿಲುವಂಗಿಗಳನ್ನು ಹೊಲಿಯಲು ಸೇರಿದೆ. ಒಂದು ದಿನ ದೊಡ್ಡ ಡಾಕ್ಟರು ತಮ್ಮ ಕೋಟಿನ ತೋಳು ಸರಿಮಾಡಿಸಿಕೊಳ್ಳಲು ಬಂದವರು ನನ್ನ ಕತ್ತರಿಯನ್ನೇ ನೋಡುತ್ತ ನಿಂತುಬಿಟ್ಟರು. "ಚಪ್ಪಟೆ ಬಟ್ಟೆ ಕತ್ತರಿಸಿ ದುಂಡನೆ ಭುಜಕ್ಕೆ ಕೂರಿಸ್ತೀಯಲ್ಲ, ನನ್ನ ಕೆಲಸವೂ ಅದೇ ಕಣಮ್ಮ. ನನಗೆ ಅದು ಬರಲ್ಲ, ನೀನು ಬಾ," ಎಂದರು. ಮರುದಿನದಿಂದ ನಾನು ಹೊಲಿಗೆ ಕೋಣೆ ಬಿಟ್ಟು ಪ್ಲಾಸ್ಟರ್ ಕೋಣೆಗೆ ಹೋದೆ. ಅವರು ನನ್ನನ್ನು 'ಟೈಲರಮ್ಮ' ಎಂದೇ ಕರೆದರು, ಕೊನೆಯವರೆಗೂ.

ಆ ಕೆಲಸ ನನಗೆ ಹುಚ್ಚು ಹಿಡಿಸಿತು. ಸುಳ್ಳೇಕೆ ಹೇಳಲಿ, ಊಟ ನಿದ್ದೆ ಯಾವುದೂ ಬೇಕಿರಲಿಲ್ಲ. ಮುಖಕ್ಕೆ ಒದ್ದೆ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆಯಬೇಕು. ಆ ಅಚ್ಚಿನಲ್ಲಿ ಇನ್ನೊಂದು ಮುಖ ಎರಕ ಹೊಯ್ಯಬೇಕು. ಮೂಗಿಲ್ಲದ ಆ ಬಿಳಿ ಮುಖದ ಮೇಲೆ ಮೇಣದಲ್ಲಿ ಮೂಗು ಮಾಡಿ, ಅದರ ಮೇಲೆ ತೆಳ್ಳನೆಯ ಸೀಸದ ಹಾಳೆಯನ್ನು ಒತ್ತಿ, ಬಿಡಿಸಿ, ಚಪ್ಪಟೆ ಮಾಡಿ ಕತ್ತರಿಸಬೇಕು. ಆಗ ಸಿಗುವ ಆಕಾರ ಮೂರು ಎಸಳಿನ ಹೂವಿನಂತಿರುತ್ತದೆ. ಅದನ್ನು ತಲೆಕೆಳಗಾಗಿ ಹಣೆಯ ಮೇಲಿಟ್ಟು ಡಾಕ್ಟರು ನೇರಳೆ ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಗೆರೆಯುದ್ದಕ್ಕೂ ಕೊಯ್ದು ಚರ್ಮ ಎಬ್ಬಿಸುತ್ತಾರೆ. ಪೂರ್ತಿ ಕೀಳುವುದಿಲ್ಲ, ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸುತ್ತಾರೆ. ಆ ತೊಟ್ಟಿನ ಮೇಲೆ ಚರ್ಮವನ್ನು ಹೊರಳಿಸಿ ಕೆಳಗಿಳಿಸಿ ಮೂಗಿನ ಜಾಗದಲ್ಲಿ ಹೊಲಿದರೆ, ತೊಟ್ಟಿನಲ್ಲಿ ರಕ್ತ ಹರಿದು ಅದು ಬದುಕುತ್ತದೆ. ಮೂರು ವಾರ ಬಿಟ್ಟು ತೊಟ್ಟು ಕತ್ತರಿಸಿದರೆ ಆಯಿತು.

ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ ಎನ್ನುತ್ತಿದ್ದರು ಡಾಕ್ಟರು. ಮೂಗು ಕೊಯ್ಯುವುದು ಶಿಕ್ಷೆಯಾಗಿದ್ದ ಕಾಲದಲ್ಲೇ ಮೂಗು ಕಟ್ಟುವವರೂ ಇದ್ದರಂತೆ. ಮೊದಮೊದಲು ಮರದ ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿ ಕೆನ್ನೆಯ ಮೇಲಿಟ್ಟು ಅಷ್ಟೇ ಚರ್ಮ ಎಬ್ಬಿಸುತ್ತಿದ್ದರು. ಆಮೇಲೆ ಯಾರೋ ಕೆನ್ನೆ ಬಿಟ್ಟು ಹಣೆಗೆ ಬಂದರು. ಇನ್ನೆಲ್ಲೋ ತೋಳಿನ ಚರ್ಮವನ್ನು ಮುಖಕ್ಕೆ ಹೊಲಿದು, ತೋಳನ್ನೂ ತಲೆಯನ್ನೂ ಸೇರಿಸಿ ಕಟ್ಟಿ ವಾರಗಟ್ಟಲೆ ಹಾಗೇ ಕೂರಿಸುತ್ತಿದ್ದರು. ಕೇಳುತ್ತ ಕೇಳುತ್ತ ನನ್ನ ಚಹಾ ಆರಿ ತಣ್ಣಗಾಗುತ್ತಿತ್ತು. ಆ ಎಲೆ ಕತ್ತರಿಸಿದವರ ಕೆಲಸವೇ ಈಗ ನನ್ನ ಕೆಲಸ ಎಂದುಕೊಂಡರೆ ಮೈ ಜುಮ್ಮೆನ್ನುತ್ತಿತ್ತು.

ಡಾಕ್ಟರದು ಒಂದೇ ಕಟ್ಟಳೆ. ಹಾಳೆಯ ಅಳತೆ ಮೇಣದ ಮೂಗಿಗಿಂತ ಮೂರರಲ್ಲಿ ಒಂದು ಪಾಲು ಹೆಚ್ಚಿರಬೇಕು. ಕೊಯ್ದ ಚರ್ಮ ಕುಗ್ಗುತ್ತದೆ. ಬಟ್ಟೆಯಾದರೆ ಮೊದಲೇ ನೀರಲ್ಲಿ ನೆನೆಸಿ ಕುಗ್ಗಿಸಿ ಕತ್ತರಿಸಬಹುದು, ಚರ್ಮವನ್ನು ಹಾಗೆ ಮಾಡುವಂತಿಲ್ಲ. ಆದ್ದರಿಂದ ಹೊಸ ಮೂಗುಗಳೆಲ್ಲ ಮೊದಲು ಊದಿದ ಆಲೂಗಡ್ಡೆಗಳ ಹಾಗಿರುತ್ತಿದ್ದವು. ಒಂದು ವರ್ಷ ಹೋದಮೇಲೆ ಸುಮಾರಾಗಿ ಮೂಗು ಎನ್ನುವಂತೆ ಕೂರುತ್ತಿದ್ದವು. ರೋಗಿಗಳೇ ತಮ್ಮ ವಾರ್ಡಿಗೆ ತರಕಾರಿ ಮಂಡಿ ಎಂದು ಹೆಸರಿಟ್ಟಿದ್ದರು. "ಇವತ್ತು ಮಂಡಿಗೆ ಹೊಸ ಮಾಲು ಬಂತಾ?" ಎಂದು ಒಬ್ಬರನ್ನೊಬ್ಬರು ಕೇಳುವರು.

ಭಾವ ಯುದ್ಧಕ್ಕೆ ಹೋಗುವ ಮೊದಲು ಟ್ರಾಮಿನಲ್ಲಿ ಕಂಡಕ್ಟರಾಗಿದ್ದರು. ಗಿಣಿಮೂಗು ಅವರದು, ಉದ್ದ, ತುದಿ ಬಾಗಿದ್ದು. ಅಕ್ಕನ ಮದುವೆಯಲ್ಲಿ ನಾನು, "ಭಾವ, ನಿಮ್ಮ ಮೂಗು ಮೊದಲು ಬಂತು, ನೀವು ಆಮೇಲೆ ಬಂದ್ರಿ," ಎಂದು ರೇಗಿಸಿದ್ದೆ. "ಸೀಟು ಹಿಡಿಯೋಕೆ ಮುಂದೆ ಕಳಿಸಿದ್ದೆ ನಾದಿನಿ," ಎಂದಿದ್ದರು. ಆ ಮೂಗನ್ನು ಕಂದಕದಲ್ಲಿ ಸಿಡಿದ ಒಂದು ಶೆಲ್ ತೆಗೆದುಕೊಂಡು ಹೋಯಿತು. ನಾನು ಹಟ ಹಿಡಿದು ಅವರನ್ನು ನಮ್ಮ ಆಸ್ಪತ್ರೆಗೇ ತರಿಸಿದ್ದೆ.

ಮೊದಲ ಭಾನುವಾರ ಅಕ್ಕ ಪುಟ್ಟಿಯನ್ನು ಕರೆದುಕೊಂಡು ಬಂದಳು. ಪುಟ್ಟಿಗೆ ಆಗ ಮೂರು ವರ್ಷ. ಅಪ್ಪ ಹೋಗುವಾಗ ಅವಳಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಭಾವ ಪಟ್ಟಿ ಕಟ್ಟಿಕೊಂಡೇ ಕೂತಿದ್ದರು. ಮಗಳನ್ನು ನೋಡಿದ ಆತುರದಲ್ಲಿ ಬಗ್ಗಿದಾಗ ಪಟ್ಟಿ ಜಾರಿತು. ಪುಟ್ಟಿ ಕೂಗಲೂ ಇಲ್ಲ. ಬಾಯಿ ತೆರೆದಳು, ದನಿ ಬರಲಿಲ್ಲ, ಉಸಿರೇ ಕಟ್ಟಿತು, ತುಟಿ ನೀಲಿಯಾಯಿತು. ಸಿಸ್ಟರ್ ಓಡಿ ಬಂದು ಬೆನ್ನು ತಟ್ಟಿ ಉಸಿರು ಬರಿಸಿದರು. ಆಮೇಲೆ ಅವಳು ಬೆಂಚಿನ ಕೆಳಗೆ ನುಸುಳಿ, "ಭೂತ ಹೋಯ್ತಾ? ಭೂತ ಹೋಯ್ತಾ?" ಎಂದು ಕೇಳುತ್ತಲೇ ಇದ್ದಳು.

"ಹೋಯ್ತು ಪುಟ್ಟಿ, ಹೋಯ್ತು," ಎಂದು ಭಾವ ತಾವೇ ಹೇಳಿ, ಎದ್ದು ವಾರ್ಡಿನೊಳಗೆ ಹೋದರು.

ಆ ಸಂಜೆ ಅಕ್ಕ ಪ್ಲಾಸ್ಟರ್ ಕೋಣೆಗೆ ಬಂದಳು. ಸಾಲಾಗಿ ನೇತುಹಾಕಿದ್ದ ಬಿಳಿ ಮುಖಗಳ ಕಡೆ ಬೆನ್ನು ಮಾಡಿ ಕೂತಳು.

"ಆಪರೇಷನ್ ಆದ್ಮೇಲೆ ಎಷ್ಟು ದಿನಕ್ಕೆ ಮನೆಗೆ ಬರ್ತಾರೆ?"

"ಎರಡು ತಿಂಗಳಿಗೆ ಬರಬಹುದು. ಆದ್ರೆ ಮುಖ ಸರಿಹೋಗೋಕೆ ವರ್ಷ ಬೇಕಕ್ಕ."

"ವರ್ಷಾನಾ? ಅಲ್ಲೀವರೆಗೂ ಆ ಆಲೂಗಡ್ಡೆ ಅಂಟಿಸ್ಕೊಂಡಿರ್ಬೇಕಾ? ಹೊರಗಡೆ ಬೆಂಚಲ್ಲಿ ಕೂತಿದ್ದವನನ್ನ ನೋಡ್ದೆ ಕಣೆ. ಅಂಥದು ಇರೋದಕ್ಕಿಂತ ಇಲ್ಲದಿರೋದೇ ವಾಸಿ."

"ಅದು ಇಳಿಯುತ್ತೆ."

"ಯಾವಾಗ? ಪುಟ್ಟಿ ಅಪ್ಪನ್ನ ಮರೆತ ಮೇಲಾ? ಅವಳು ಮನೇಲಿ ಮೂಲೆ ಮೂಲೆ ನೋಡ್ತಾಳೆ, ಭೂತ ಇದೆಯಾ ಅಂತ. ಎರಡನೇ ಸಲವೂ ಹೆದರಿದ್ರೆ ಮುಗೀತು, ಇನ್ನು ಜನ್ಮದಲ್ಲಿ ಹತ್ತಿರ ಹೋಗಲ್ಲ." ಅವಳು ನನ್ನ ಕೈ ಹಿಡಿದುಕೊಂಡಳು. "ಅಳತೆ ತೆಗೆಯೋಳು ನೀನು. ಮೊದಲ ದಿನದಿಂದಾನೇ ಮೂಗಿನ ಹಾಗಿರೋ ಮೂಗು ಮಾಡೆ. ನಿನ್ನ ಕೈಲಿ ಆಗುತ್ತೆ. ಅಪ್ಪ ಹೇಳ್ತಿರ್ಲಿಲ್ವಾ, ಇವಳು ಕತ್ತರಿ ಹಾಕಿದ್ರೆ ಮೈಗೆ ಬರೆದ ಹಾಗೆ ಕೂರುತ್ತೆ ಅಂತ?"

ನಾನು ಆಗಲ್ಲ ಎಂದೆ. ಹಾಗೆ ಹೇಳುವಾಗಲೇ ನನ್ನ ತಲೆ ಬೇರೆ ಲೆಕ್ಕ ಹಾಕುತ್ತಿತ್ತು.

ನನ್ನ ಹತ್ತಿರ ಒಂದು ನೋಟ್‌ಬುಕ್ಕಿತ್ತು. ಯಾರೂ ಹೇಳದಿದ್ದರೂ ನಾನೇ ಶುರುಮಾಡಿದ್ದು. ಹಳೆಯ ರೋಗಿಗಳು ತೋರಿಸಿಕೊಳ್ಳಲು ಬಂದಾಗಲೆಲ್ಲ ಅವರ ಮೂಗನ್ನು ಅಳೆದು ಬರೆದಿಡುತ್ತಿದ್ದೆ. ಹನ್ನೊಂದು ಮೂಗುಗಳ ಅಳತೆ ಅದರಲ್ಲಿತ್ತು. ಯಾವುದೂ ಮೂರರಲ್ಲಿ ಒಂದು ಪಾಲು ಕುಗ್ಗಿರಲಿಲ್ಲ, ಆರರಲ್ಲಿ ಒಂದು ಪಾಲು ಅಷ್ಟೇ. ಹಾಗಾದರೆ ಡಾಕ್ಟರು ಸುಮ್ಮನೆ ಹೆದರಿ ಹೆಚ್ಚು ಇಡಿಸುತ್ತಿದ್ದಾರೆ, ಹೊಲಿಗೆ ಬರದವರು ಬಟ್ಟೆ ಹೆಚ್ಚು ತಗೊಳ್ಳುವ ಹಾಗೆ! ಇದನ್ನು ಸಾಬೀತು ಮಾಡಿದರೆ ಇನ್ನು ಯಾರೂ ಆಲೂಗಡ್ಡೆ ಹೊತ್ತು ತಿರುಗಬೇಕಿಲ್ಲ. ಭಾವನದೇ ಮೊದಲನೆಯದಾಗಲಿ.

ಡಾಕ್ಟರನ್ನು ಕೇಳಬಹುದಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಭಾವ ಅಚ್ಚಿಗೆಂದು ಬಂದು ಮಲಗಿದಾಗ ಅವರ ಬಾಯಿಗೆ ಉಸಿರಾಡಲು ಕೊಳವೆ ಇಟ್ಟು, "ಹೇಳಿ ಭಾವ, ಯಾವ ಮಾಡೆಲ್ ಮೂಗು ಬೇಕು? ಹಳೇದೇ ಬೇಕಾ?" ಎಂದೆ.

ಕೊಳವೆ ತೆಗೆದು ಹೇಳಿದರು, "ಹಳೇದು ಬೇಡ, ನೀನೇ ಆಡಿಕೊಳ್ತೀಯ. ಪುಟ್ಟಿ ಹಿಡಿದು ಎಳೆಯೋಕೆ ಆಗೋ ಅಷ್ಟಿದ್ರೆ ಸಾಕು. ಚಿಕ್ಕವಳಿದ್ದಾಗ ಮೂಗು ಹಿಡ್ಕೊಂಡೇ ನಿದ್ದೆ ಮಾಡ್ತಿದ್ಲು ಕಣಮ್ಮ. ಬಿಡಿಸಿದ್ರೆ ಎಚ್ಚರ ಆಗೋದು."

ನಾನು ಪ್ಲಾಸ್ಟರ್ ಕಲಸಿದೆ. ಅಷ್ಟು ಚೆಂದದ ಮೇಣದ ಮೂಗನ್ನು ನಾನು ಅದಕ್ಕೂ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಹಾಳೆಯನ್ನು ಆರರಲ್ಲಿ ಒಂದು ಪಾಲು ಮಾತ್ರ ಹೆಚ್ಚಿಟ್ಟು ಕತ್ತರಿಸಿದೆ.

ಆಪರೇಷನ್ ಕೋಣೆಯಲ್ಲಿ ಡಾಕ್ಟರು ಎಂದಿನಂತೆ ಹಾಳೆಯನ್ನು ದೀಪಕ್ಕೆ ಹಿಡಿದರು.

"ಮೂರರಲ್ಲಿ ಒಂದು?"

"ಹೂಂ ಸಾರ್."

ಹಣೆಯ ಮೇಲಿಟ್ಟು ಒಂದು ಕ್ಷಣ ನಿಂತರು. "ಚಿಕ್ಕದಾಗಿ ಕಾಣುತ್ತಲ್ಲ ಟೈಲರಮ್ಮ?"

"ಹಣೆ ಅಗಲ ಇದೆ ಸಾರ್. ಅದಕ್ಕೇ ಹಾಗೆ ಕಾಣುತ್ತೆ."

ಅವರು ತಲೆಯಾಡಿಸಿ ಶಾಯಿಯ ಕಡ್ಡಿ ತೆಗೆದುಕೊಂಡರು. ತಾವು ಅಳೆದು ನೋಡದೆಯೇ ಗೆರೆ ಎಳೆದರು. ಅವರಿಗೆ ನನ್ನ ಕತ್ತರಿಯ ಮೇಲೆ ಅಷ್ಟು ನಂಬಿಕೆ.

ಮೊದಲ ದಿನ ಆ ಮೂಗು ನೋಡಲು ವಾರ್ಡಿಗೆ ವಾರ್ಡೇ ಬಂತು. ಹುಬ್ಬಿನ ನಡುವೆ ತಿರುಚಿದ ತೊಟ್ಟು, ಹಣೆಯ ಮೇಲೆ ಗಾಯ, ಮೂಗಿನ ಹೊಳ್ಳೆಗಳಲ್ಲಿ ರಬ್ಬರ್ ಕೊಳವೆ, ಎಲ್ಲ ಇದ್ದರೂ ಅದು ಮೂಗಾಗಿತ್ತು. ನೇರವಾಗಿ, ತೆಳ್ಳಗೆ, ನಿಜವಾದ ಮೂಗು.

"ಲೋ, ಇವನಿಗೆ ಮಾತ್ರ ಮದುಮಗನ ಮೂಗು!" ಎಂದ ಪಕ್ಕದ ಮಂಚದ ಲಾರಿ ಡ್ರೈವರ್. "ನಮಗೆಲ್ಲ ಮಂಡಿ ಮಾಲು, ಇವನಿಗೆ ಸ್ಪೆಷಲ್ ಆರ್ಡರ್. ನಾದಿನಿ ಇರ್ಬೇಕಪ್ಪ ಆಸ್ಪತ್ರೇಲಿ."

ಭಾವ ಮಾತಾಡುವಂತಿರಲಿಲ್ಲ. ಎರಡು ಬೆರಳಿನಿಂದ ನನಗೆ ಸಲ್ಯೂಟ್ ಹೊಡೆದರು. ಸಿಸ್ಟರ್ ಮಾತ್ರ ನಗಲಿಲ್ಲ. ಅವರು ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗಕ್ಕೆ ಬಣ್ಣ ಮರಳಿ ಬರುವುದು ತಡವಾಯಿತು. ಮತ್ತೆ ಒತ್ತಿದರು. ಇನ್ನೂ ತಡವಾಯಿತು.

"ಹೊಲಿಗೆ ಬಿಗಿ ಆಗಿದೆಯಲ್ಲ," ಎಂದರು, ಯಾರಿಗೂ ಅಲ್ಲದ ಹಾಗೆ.

ಬಿಗಿಯಾದ ಅಂಗಿಯ ಕಂಕುಳಲ್ಲಿ ಬಟ್ಟೆ ಹೇಗೆ ಎಳೆದುಕೊಂಡು ಬಿಳಿಚಿಕೊಳ್ಳುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡನೇ ದಿನ ತುದಿ ನೀಲಿಯಾಯಿತು. ಡಾಕ್ಟರು ಆರು ಹೊಲಿಗೆ ಬಿಚ್ಚಿದರು. ಮೂರನೇ ದಿನ ಜಿಗಣೆ ಹಚ್ಚಿದರು. ಕೆಟ್ಟ ರಕ್ತ ಹೀರಿದರೆ ಹೊಸ ರಕ್ತಕ್ಕೆ ದಾರಿಯಾದೀತು ಎಂದು. ಜಿಗಣೆಗಳು ಒಂದು ಗಂಟೆ ಕಚ್ಚಿಕೊಂಡಿದ್ದು ತಾವಾಗಿಯೇ ಉದುರಿದವು. ನಾಲ್ಕನೇ ದಿನ ಅವನ್ನು ಹಚ್ಚಿದರೆ ಕಚ್ಚಲೇ ಇಲ್ಲ. ಸತ್ತ ಚರ್ಮವನ್ನು ಜಿಗಣೆ ಮುಟ್ಟುವುದಿಲ್ಲವಂತೆ. ಆರನೇ ದಿನ ಮೂಗು ತುದಿಯಿಂದ ಬುಡದವರೆಗೂ ಇದ್ದಿಲಾಗಿತ್ತು. ಡಾಕ್ಟರು ಇಕ್ಕಳದಿಂದ ಹಿಡಿದಾಗ ಒಣಗಿದ ಎಲೆಯ ಹಾಗೆ ಕಳಚಿ ಬಂತು. ನೋವೇ ಆಗಲಿಲ್ಲ ಎಂದರು ಭಾವ. ಅದೇ ಕೆಟ್ಟದ್ದು.

ಕೈ ತೊಳೆದುಕೊಂಡು ಡಾಕ್ಟರು ನೇರವಾಗಿ ಪ್ಲಾಸ್ಟರ್ ಕೋಣೆಗೆ ಬಂದರು. ಭಾವನ ಬಿಳಿ ಮುಖವನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. ಹಾಳೆ ಕೇಳಿದರು. ಕೊಟ್ಟೆ. ಕೈವಾರದಿಂದ ಮೇಣದ ಮೂಗನ್ನೂ ಹಾಳೆಯನ್ನೂ ಮೂರು ಸಲ ಅಳೆದರು.

"ಗೊತ್ತಿದ್ದೇ ಮಾಡಿದ್ಯಾ?"

ನಾನು ನೋಟ್‌ಬುಕ್ ತೆರೆದು ಮುಂದಿಟ್ಟೆ. ಹನ್ನೊಂದು ಅಳತೆಗಳ ಮೇಲೆ ಅವರ ಬೆರಳು ಮೆಲ್ಲಗೆ ಇಳಿಯಿತು.

"ಇವರೆಲ್ಲ ವಾಪಸ್ ಬಂದವರು ಅಲ್ವಾ?"

"ಹೌದು ಸಾರ್. ತೋರಿಸ್ಕೊಳ್ಳೋಕೆ ಬಂದವರು."

"ಮೂಗು ಇದ್ದವರು ತೋರಿಸೋಕೆ ಬರ್ತಾರೆ ಟೈಲರಮ್ಮ. ಯಾರ ಮೂಗು ಕುಗ್ಗಿ ಕುಗ್ಗಿ ಹೋಗೇಬಿಟ್ಟಿತೋ ಅವರು ಯಾಕೆ ಬರ್ತಾರೆ? ಬಂದು ಏನು ತೋರಿಸ್ತಾರೆ?" ಅವರು ನೋಟ್‌ಬುಕ್ ಮುಚ್ಚಿದರು. "ಆ ಒಂದು ಪಾಲು ನನ್ನ ಲೆಕ್ಕ ಅಲ್ಲ. ಅವರದು. ಹಾಗೆ ಮೂಗು ಕಳ್ಕೊಂಡ ಏಳು ಜನರದು. ಅದರ ಮೇಲೆ ಇವನದು ಸುಟ್ಟ ಚರ್ಮದ ಪಕ್ಕದ ಚರ್ಮ, ಎಳೆದ್ರೆ ಬರೋದೇ ಇಲ್ಲ."

ನನಗೆ ಅಳುವೂ ಬರಲಿಲ್ಲ. "ಬಯ್ಯಿರಿ ಸಾರ್," ಎಂದೆ.

"ಬಯ್ಯಲ್ಲ. ಬೈದ್ರೆ ನಿನಗೆ ಹಗುರ ಆಗುತ್ತೆ." ಬಾಗಿಲಲ್ಲಿ ನಿಂತು, ತಿರುಗಿ ನೋಡದೆ ಹೇಳಿದರು, "ಅಳೆಯದೆ ಗೆರೆ ಎಳೆದವನು ನಾನು. ರಿಜಿಸ್ಟರಲ್ಲಿ ಹಾಗೇ ಬರೀತೀನಿ. ನಾಳೆ ಎರಡು ಅಚ್ಚು ತೆಗೆಯೋದಿದೆ, ಎಂಟು ಗಂಟೆಗೆ ಬಾ."

ಭಾವನಿಗೆ ನಾನೇ ಹೇಳಿದೆ. ಹೇಳದೆ ಅವರ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಅಕ್ಕ ಕೇಳಿದ್ದು, ನಾನು ಕತ್ತರಿಸಿದ್ದು, ದೀಪದ ಕೆಳಗೆ ಆಡಿದ ಸುಳ್ಳು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು. ಅವರ ಹಣೆಯಲ್ಲಿ ಈಗ ಎರಡೂ ಕಡೆ ಒಳ್ಳೆಯ ಚರ್ಮವಿರಲಿಲ್ಲ.

"ನಿಮ್ಮಕ್ಕನಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡ. ತಾನು ಬಾಯಿ ಬಿಟ್ಟು ಕೇಳಿದ್ದಕ್ಕೆ ಹೀಗಾಯ್ತು ಅಂತ ಗೊತ್ತಾದ್ರೆ ಅವಳು ಬದುಕಲ್ಲ." ಮುಖವನ್ನು ಪೂರ್ತಿ ಕಿಟಕಿಗೆ ತಿರುಗಿಸಿ, "ನನ್ನ ಜೊತೆ ಇನ್ನೊಂದು ನಾಲ್ಕು ದಿನ ಮಾತಾಡ್ಬೇಡಮ್ಮ. ಸಿಟ್ಟಲ್ಲ. ತಮಾಷೆ ಮಾಡೋಕೆ ಆಗ್ತಿಲ್ಲ, ನಿನ್ನ ಹತ್ತಿರ ತಮಾಷೆ ಬಿಟ್ಟು ಬೇರೆ ಮಾತು ನನಗೆ ಅಭ್ಯಾಸ ಇಲ್ಲ," ಎಂದರು.

ಅಕ್ಕ ಬಂದಾಗ ಡಾಕ್ಟರಿಗೆ ಹಿಡಿಶಾಪ ಹಾಕಿದಳು. ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ನೀನು ಎಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೆಯಂತೆ, ವಾರ್ಡಿನವರೆಲ್ಲ ಹೇಳಿದ್ರು. ಆ ಕಟುಕ ಹೊಲಿಗೇಲಿ ಕೆಡಿಸಿದ. ನಿನ್ನ ಋಣ ನಾನು ತೀರಿಸೋಕಾಗಲ್ಲ ಕಣೆ." ನಾನು ಅವಳ ಬೆನ್ನು ಸವರಿದೆ. ಬಾಯಿ ತೆರೆದರೆ ಭಾವನಿಗೆ ಕೊಟ್ಟ ಮಾತು ಮುರಿಯುತ್ತಿತ್ತು, ಮುಚ್ಚಿದ್ದರೆ ಇದನ್ನು ಕೇಳಬೇಕಿತ್ತು. ಮುಚ್ಚಿಕೊಂಡೇ ಇದ್ದೆ.

ಡಾಕ್ಟರು ಹೊಸದೊಂದು ದಾರಿ ಹೇಳಿದರು. ಎದೆಯ ಚರ್ಮವನ್ನು ಕೊಳವೆಯಂತೆ ಸುತ್ತಿ ಹೊಲಿದು, ತಿಂಗಳಿಗಿಷ್ಟು ಮೇಲೆ ಸರಿಸುತ್ತ ಮುಖಕ್ಕೆ ತರುವುದು. ಎರಡು ವರ್ಷ, ಏಳು ಆಪರೇಷನ್. ಭಾವ ಎದೆಯ ಗುಂಡಿ ಬಿಚ್ಚಿ ತೋರಿಸಿದರು. ಅಲ್ಲೂ ಗೋಂದಿನ ಹೊಳಪು. ಡಾಕ್ಟರು ತಾವೇ ಗುಂಡಿ ಹಾಕಿದರು. ಆ ಮಾತು ಮತ್ತೆ ಎತ್ತಲಿಲ್ಲ.

ಕೊನೆಗೆ ಉಳಿದದ್ದು ತಗಡು. ತೆಳ್ಳನೆಯ ತಾಮ್ರದ ತಗಡಿನಲ್ಲಿ ನಾನೇ ಮೂಗು ಮಾಡಿದೆ. ಚರ್ಮದ ಬಣ್ಣ ಬಳಿದು, ಕನ್ನಡಕದ ನಡುವೆ ಬೆಸೆಸಿದೆ. ಕುಗ್ಗುವುದಿಲ್ಲ, ಕರಗುವುದಿಲ್ಲ. ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಹತ್ತಿರ ಬಂದರೆ, ಮುಖ ನಗುವಾಗ ಮೂಗು ಮಾತ್ರ ಸುಮ್ಮನಿರುವುದು ಕಾಣುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಕ್ಕ ಪುಟ್ಟಿಯನ್ನು ಮತ್ತೆ ಕರೆತಂದಳು. ಭಾವ ತೋಟದ ಬೆಂಚಿನಲ್ಲಿ ಟೋಪಿ ಹಾಕಿಕೊಂಡು ಕನ್ನಡಕ ಏರಿಸಿ ಕೂತಿದ್ದರು. ಬೆಳಿಗ್ಗೆಯಿಂದ ಮೂರು ಸಲ ನನ್ನನ್ನು ಕರೆದು ಬಣ್ಣ ಸರಿಯಿದೆಯಾ ಎಂದು ಕೇಳಿದ್ದರು. ಪುಟ್ಟಿ ಹೆದರಲಿಲ್ಲ. ಅಕ್ಕನ ಕೈ ಬಿಟ್ಟು ನಾಲ್ಕು ಹೆಜ್ಜೆ ಹತ್ತಿರ ಬಂದಳು. ಅವಳು ಅವರ ಮೊಣಕಾಲಿನ ಹತ್ತಿರ ನಿಂತು, ಕತ್ತೆತ್ತಿ, ಮನೆಗೆ ಬಂದ ದೊಡ್ಡವರ ಹತ್ತಿರ ಮಾತಾಡುವ ಹಾಗೆ ಕೇಳಿದಳು:

"ನೀವು ಯಾರು?"

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಪುಟ್ಟಿಯ ಕೈ ಮೇಲೆ ಹೋಗಿತ್ತು. ಬೆರಳು ಮೂಗಿಗೆ ತಾಗಿತು. ತಟಕ್ಕನೆ ಹಿಂದೆ ತೆಗೆದಳು. "ತಣ್ಣಗಿದೆ," ಎಂದಳು. ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು.

ಭಾವ ಅವಳ ಕೈಯನ್ನೇ ನೋಡುತ್ತಿದ್ದರು.

"ನಾನು ನಿಮ್ಮಪ್ಪನ ಸ್ನೇಹಿತ," ಎಂದರು. "ಟ್ರಾಮಲ್ಲಿ ಜೊತೇಲಿ ಇದ್ವಿ."

"ನಮ್ಮಪ್ಪ ಯಾವಾಗ ಬರ್ತಾರೆ?"

"ನಿಮ್ಮಮ್ಮ ಹೇಳ್ತಾರೆ."

ಪುಟ್ಟಿ ಅಮ್ಮನ ಕಡೆ ನೋಡಿದಳು. ಅಕ್ಕ ಭಾವನ ಎರಡನೇ ಗುಂಡಿಯ ಕಡೆ ನೋಡಿದಳು. ಇಲ್ಲ, ಇವರೇ ನಿಮ್ಮಪ್ಪ ಎಂದು ಅವಳು ಹೇಳಬಹುದಿತ್ತು. ನಾನೂ ಹೇಳಬಹುದಿತ್ತು. ಇಬ್ಬರೂ ಹೇಳಲಿಲ್ಲ. ಅಕ್ಕ ಮಗಳ ಕೈ ಹಿಡಿದು, "ಮಾಮನಿಗೆ ಹೋಗ್ಬರ್ತೀನಿ ಅನ್ನು ಪುಟ್ಟಿ," ಎಂದಳು. ಆ ದನಿಯಲ್ಲಿ ಒಂದು ನಿರಾಳವಿತ್ತು. ಭಾವನಿಗೆ ಅದು ಕೇಳಿಸಿತು. ನನಗೆ ಕೇಳಿಸಿತೆಂದ ಮೇಲೆ ಅವರಿಗೆ ಕೇಳಿಸದೆ ಇರುತ್ತದೆಯೆ?

ತಾಯಿ ಮಗಳು ಗೇಟು ದಾಟುವವರೆಗೂ ಭಾವ ಕೈ ಬೀಸುತ್ತಿದ್ದರು.

"ಯಾಕೆ ಹಾಗಂದ್ರಿ ಭಾವ?" ಎಂದೆ.

"ಅಪ್ಪ ಅಂದ್ರೆ ಮನೆಗೆ ಹೋಗ್ಬೇಕು. ಮನೆಗೆ ಹೋದ್ರೆ ಎಂದಾದ್ರೂ ಒಂದು ದಿನ ಇದನ್ನ ತೆಗೀಬೇಕು. ಮುಖ ತೊಳೀಬೇಡ್ವೇನಮ್ಮ?" ಎಂದರು. "ಅಪ್ಪನ ಸ್ನೇಹಿತನಾದ್ರೆ ಹಾಗಲ್ಲ. ಅವನು ಬೆಂಚಿನ ಮೇಲೆ ಕೂತಿರ್ತಾನೆ, ಎದ್ದು ಹೋಗ್ತಾನೆ."

ಮರುದಿನ ಅವರು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಕೇಳಿ ಹಿಡಿದರು. ಅಲ್ಲಿ ಯಾವಾಗಲೂ ಹಬೆ ತುಂಬಿರುತ್ತದೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮುಂದಿನ ಭಾನುವಾರ ಅಕ್ಕ ಒಬ್ಬಳೇ ಬಂದಳು. ಅದರ ಮುಂದಿನ ಭಾನುವಾರ ಯಾರೂ ಬರಲಿಲ್ಲ. ಭಾವ ಟೋಪಿ ಹಾಕಿಕೊಂಡು ಐದು ಗಂಟೆಯವರೆಗೂ ಬೆಂಚಿನಲ್ಲಿದ್ದರು. ಆಮೇಲೆ ಕನ್ನಡಕ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ಜೇಬಿಗೆ ಹಾಕಿಕೊಂಡು, ಬರಿಯ ಮುಖದಲ್ಲೇ ಎದ್ದು ಒಳಗೆ ನಡೆದರು.